ಹಾಡುವವಳು ಇಪ್ಪತ್ತು ಹೆಜ್ಜೆ ದೂರ

ಆಗಸ್ಟ್ ಮೂವತ್ತೊಂದು, ರವಿವಾರ. ನನ್ನ ಪುಸ್ತಕದಲ್ಲಿ ಆ ದಿನದ ಕೆಳಗೆ ಹೀಗಿದೆ: "ಬೆಳಿಗ್ಗೆ 10.40. ಹೊಸ ಕಾರ್ಟ್ರಿಜ್ ಕೂಡಿಸಿದೆ. ಒಂದನೇ ಪ್ಲೇಟು. ಚರಚರ ಸದ್ದು ಕಿವಿಯ ಹತ್ತಿರ, ಹಾಡುವವಳು ಇಪ್ಪತ್ತು ಹೆಜ್ಜೆ ದೂರ. ಈ ದಿನ ಮಾತಾಡಿದ ಜನ: ಇಬ್ಬರು."

ಮಾತಾಡಿದ ಜನರ ಲೆಕ್ಕ ಇಡುವುದು ವಿಜಯಪುರಕ್ಕೆ ಬಂದ ಮೇಲೆ ಶುರುವಾದ ರೂಢಿ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹಳೆಯ ಮನೆಯೊಂದರ ಮೇಲಿನ ಕೋಣೆ ನನ್ನದು. ಕೆಲಸ ತಿಕೋಟಾದ ಹತ್ತಿರ, ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಆರು ಕೋಣೆಗಳ ಉಷ್ಣತೆಯನ್ನು ದಿನಕ್ಕೆ ಮೂರು ಸಲ ಓದಿ ಬರೆಯಬೇಕು, ಒಳಗೆ ಬಂದ ಪೆಟ್ಟಿಗೆ, ಹೊರಗೆ ಹೋದ ಪೆಟ್ಟಿಗೆ ಎಣಿಸಬೇಕು. ಹಮಾಲರು ತಮ್ಮತಮ್ಮಲ್ಲೇ ನಗುತ್ತಿರುತ್ತಾರೆ. ನಾನು ಹತ್ತಿರ ಹೋದರೆ ಸಂಖ್ಯೆ ಹೇಳಿ ಸುಮ್ಮನಾಗುತ್ತಾರೆ. ಆ ರವಿವಾರದ ಇಬ್ಬರಲ್ಲಿ ಒಬ್ಬ ಹಾಲಿನವನು. ಇನ್ನೊಬ್ಬರು ಕೆಳಗಿನ ಮನೆಯ ಯಜಮಾನತಿ. ಅವರು ನೀರು ಬಂದಿದೆ ಎಂದಷ್ಟೇ ಹೇಳಿದ್ದರು.

ರೆಕಾರ್ಡ್ ಪ್ಲೇಯರ್ ನನ್ನ ಕಾಕಾನದು, ಅಪ್ಪನ ತಮ್ಮನದು. ಕಾಕಾ ಬಬಲೇಶ್ವರದಲ್ಲಿ ಮೈಕ್ ಸೆಟ್ ಇಟ್ಟಿದ್ದ. ಲಗ್ನ, ಜವಳ, ಸೀಮಂತ, ಯಾರ ಮನೆಯಲ್ಲಿ ಏನಿದ್ದರೂ ಬೇವಿನ ಮರಕ್ಕೆ ಹಾರ್ನ್ ಕಟ್ಟಿ ಹಾಡಿನ ಪ್ಲೇಟು ಹಚ್ಚುವವನು ಅವನೇ. ನಾನು ಹೈಸ್ಕೂಲಿನ ಮೂರು ವರ್ಷ ಕಳೆದದ್ದು ಅವನ ಮತ್ತು ಅವನ ಹೆಂಡತಿ ಚಿಗವ್ವನ ಮನೆಯಲ್ಲಿ. ಕ್ಯಾಸೆಟ್ಟು ಬಂದು ಹೋಯಿತು, ಡಿಜೆ ಬಂತು, ಮೈಕ್ ಸೆಟ್ಟು ಮುಂದಿನ ಕೋಣೆ ಸೇರಿತು. ಆದರೂ ಕಾಕಾ ಅದನ್ನು ವಾರಕ್ಕೊಮ್ಮೆ ಒರೆಸಿ ಇಡುತ್ತಿದ್ದ. ಹೋದ ದೀಪಾವಳಿಗೆ ಹೋದಾಗ ನನ್ನ ಕೈಯಲ್ಲಿ ಒಂದು ಚೀಟಿ ಇಟ್ಟು, "ಯವ್ವಾ, ಇದರ ಮುಳ್ಳು ಸವದೈತಿ. ನಿಮ್ಮ ಫೋನ್ಯಾಗ ಎಲ್ಲಾ ಸಿಗತಾವಂತ. ಒಂದು ತರಸಿ ಕೊಡು," ಎಂದಿದ್ದ.

"ಕಾಕಾನಿಗೆ ಮುಳ್ಳು" ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಮಾಡದೆ ಉಳಿದ ಕೆಲಸವನ್ನು ಮುಂದಿನ ಪುಟಕ್ಕೆ ಸಾಗಿಸುವುದು ನನ್ನ ಪದ್ಧತಿ. ಈಗ ತೆರೆದು ಎಣಿಸಿದರೆ ಆ ಎರಡು ಶಬ್ದಗಳನ್ನು ಹನ್ನೊಂದು ಸಲ ಮುಂದಕ್ಕೆ ಸಾಗಿಸಿದ್ದೇನೆ. ದ್ರಾಕ್ಷಿ ಹಂಗಾಮಿನಲ್ಲಿ, ಸ್ಟೋರೇಜು ತುಂಬುವ ದಿನಗಳಲ್ಲಿ, ಕಾಕಾ ತೀರಿಕೊಂಡ. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಆಗಸ್ಟ್ ತಿಂಗಳಲ್ಲಿ ಚಿಗವ್ವ ಫೋನು ಮಾಡಿದಳು. ಮುಂದಿನ ಕೋಣೆಯನ್ನು ಗೊಬ್ಬರದ ಅಂಗಡಿಗೆ ಬಾಡಿಗೆ ಕೊಡುವವಳಿದ್ದಳು. ಹಾರ್ನುಗಳು ಗುಡಿಗೆ ಹೋಗಿದ್ದವು. ಉಳಿದದ್ದು ಪ್ಲೇಯರ್, ಅದರ ಆಂಪ್ಲಿಫೈಯರು, ಒಂದು ಸ್ಪೀಕರು ಮತ್ತು ನಲವತ್ತೊಂದು ಪ್ಲೇಟು. ಹೊಸ ಢಾಬಾ ಕಟ್ಟಿಸುತ್ತಿದ್ದ ಒಬ್ಬನಿಗೆ ಅವು ಬೇಕಾಗಿದ್ದವಂತೆ, ಗೋಡೆಗೆ ಚೆಂದ ಕಾಣಲೆಂದು. ಮಹಾಲಯ ಅಮಾವಾಸ್ಯೆಯ ದಿನ ಟೆಂಪೋ ಪೂಜೆ ಮಾಡಿ ಅದರಲ್ಲೇ ಬಂದು ಒಯ್ಯುವುದಾಗಿ ಹೇಳಿದ್ದ.

"ಕೊಡಬ್ಯಾಡ ಚಿಗವ್ವಾ. ನಾ ಮುಳ್ಳು ತರಸ್ತೀನಿ."

"ಈಗ ತರಸ್ತೀ?" ಎಂದಳು. ಹೊಲಿಗೆ ಮಷೀನು ತುಳಿಯುತ್ತಲೇ ಮಾತಾಡುತ್ತಿದ್ದಳು. "ಆತು. ನುಡಿದ್ರ ಇಟ್ಕೊಳ್ಳೂಣು. ನುಡೀಲಿಲ್ಲಂದ್ರ ಕಟಗೊಂಡು ಏನ ಮಾಡೂದು? ಗ್ವಾಡಿ ಮ್ಯಾಲರೆ ಇರಲಿ."

ಮುಳ್ಳಿಗೆ ಆರ್ಡರ್ ಹಾಕಿ, ಬಬಲೇಶ್ವರಕ್ಕೆ ಹೋಗಿ ಪ್ಲೇಯರು, ಆಂಪ್ಲಿಫೈಯರು, ಸ್ಪೀಕರು, ಒಂದನೇ ಪ್ಲೇಟು ಇಷ್ಟನ್ನು ನನ್ನ ಕೋಣೆಗೆ ತಂದೆ. ಅಮಾವಾಸ್ಯೆ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ, ಅದೂ ರವಿವಾರ. ಕಾರ್ಟ್ರಿಜ್ ಕೈಗೆ ಬಂದ ದಿನದಿಂದ ಲೆಕ್ಕ ಹಾಕಿದರೆ ನನಗೆ ಸಿಕ್ಕದ್ದು ಮೂರು ವಾರ.

ಕಾರ್ಟ್ರಿಜ್ ಅಂದರೆ ಪ್ಲೇಯರಿನ ತೋಳಿನ ತುದಿಯಲ್ಲಿ ಕೂರುವ, ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ಡಬ್ಬಿ. ಮುಳ್ಳು ಇರುವುದು ಅದರಲ್ಲೇ. ಹಿಂದುಗಡೆ ನಾಲ್ಕು ಸಣ್ಣ ಕಡ್ಡಿಗಳು, ಒಂದೊಂದಕ್ಕೂ ಒಂದು ಬಣ್ಣ: ಬಿಳಿ, ನೀಲಿ, ಕೆಂಪು, ಹಸಿರು. ತೋಳಿನೊಳಗಿಂದ ಬರುವ ಕೂದಲೆಳೆಯಂಥ ನಾಲ್ಕು ತಂತಿಗಳಿಗೂ ಅವೇ ಬಣ್ಣ. ಬಿಳಿಗೆ ಬಿಳಿ, ಕೆಂಪಿಗೆ ಕೆಂಪು. ಚಿಮಟದಿಂದ ಒಂದೊಂದೇ ಕೂಡಿಸುತ್ತ ಹೋದೆ. ಹಳೆಯದು ಹೇಗೆ ಕೂಡಿಸಿತ್ತು ಎಂದು ಬರೆದುಕೊಳ್ಳಲಿಲ್ಲ. ಎಲ್ಲವನ್ನೂ ಬರೆಯುವ ನಾನು ಅದನ್ನು ಬರೆಯಲಿಲ್ಲ. ಬಣ್ಣ ಇರುವಾಗ ಬರೆಯುವುದೇನು ಎಂದುಕೊಂಡೆ.

ಹೆಜ್ಜೆಯ ಲೆಕ್ಕ ನಾನೇ ಮಾಡಿಕೊಂಡದ್ದು. ಕಣ್ಣು ಮುಚ್ಚಿ, ಹಾಡುವವಳನ್ನು ಮುಟ್ಟಬೇಕಾದರೆ ಎಷ್ಟು ಹೆಜ್ಜೆ ನಡೆಯಬೇಕು ಎಂದು ಅಂದಾಜು ಹಾಕುವುದು. ಒಂದನೇ ಪ್ಲೇಟು ಅಂದರೆ ಕಾಕಾ ಎಲ್ಲಿ ಹೋದರೂ ಮೊದಲು ಹಚ್ಚುತ್ತಿದ್ದ ಭಕ್ತಿಗೀತೆಯದು. ಅದರ ನಡುವಿನ ಕಾಗದದ ಅಕ್ಷರ ಅಳಿಸಿಹೋಗಿ, ಅವನು ಪೇಂಟಿನಿಂದ ಬರೆದ "1" ಮಾತ್ರ ಉಳಿದಿತ್ತು. ಸವೆದ ಹಳೆಯ ಮುಳ್ಳಿನಲ್ಲಿ ಅವಳ ಧ್ವನಿ ಹರಿದ ಬಟ್ಟೆಯಂತಿತ್ತು, ಆದರೆ ಎರಡೇ ಹೆಜ್ಜೆಯಲ್ಲಿತ್ತು. ಹೊಸ ಮುಳ್ಳಿನಲ್ಲಿ ಧೂಳಿನ ಚರಚರ ಪಕ್ಕದಲ್ಲೇ ಕೂತಿತ್ತು, ತಬಲಾ ತಗಡು ಬಡಿದಂತಿತ್ತು, ಆಕೆ ಮಾತ್ರ ಯಾವುದೋ ಬಾವಿಯ ಆಚೆ ನಿಂತು ಹಾಡುತ್ತಿದ್ದಳು. ಸದ್ದು ಹೆಚ್ಚಿಸಿದರೆ ಚರಚರ ಹೆಚ್ಚುತ್ತಿತ್ತು. ಆಕೆ ಇದ್ದಲ್ಲೇ ಇದ್ದಳು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆಯಬೇಕು. ಸೋಮವಾರ ಪ್ಲೇಟನ್ನು ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಚರಚರ ಕಡಿಮೆಯಾಯಿತು. ಹೆಜ್ಜೆ: ಇಪ್ಪತ್ತು. ಬುಧವಾರ ತೋಳಿನ ಎತ್ತರ ಒಂದು ಕೂದಲಷ್ಟು ಏರಿಸಿದೆ. ಇಪ್ಪತ್ತು. ಗುರುವಾರ ಇಳಿಸಿದೆ. ಇಪ್ಪತ್ತು. ಶುಕ್ರವಾರ ಕಾಗದದ ಮೇಲೆ ಗೆರೆ ಎಳೆದು ಕಾರ್ಟ್ರಿಜ್ ಸೊಟ್ಟ ಕೂತಿದೆಯೇ ಎಂದು ನೋಡಿದೆ. ಸ್ವಲ್ಪ ಸೊಟ್ಟಗಿತ್ತು, ನೆಟ್ಟಗೆ ಮಾಡಿದೆ. ಹತ್ತೊಂಬತ್ತು ಎಂದು ಬರೆದು, ಅದು ಆಸೆಯ ಲೆಕ್ಕ ಎನಿಸಿ ಹೊಡೆದುಹಾಕಿದೆ.

ಶನಿವಾರ ಅರ್ಧ ದಿನ ರಜೆ ಹಾಕಿ, ಪ್ಲೇಯರನ್ನು ಎದೆಗವಚಿಕೊಂಡು ಗುಡಿಯ ಹತ್ತಿರದ ಪತ್ತಾರರ ಅಂಗಡಿಗೆ ಹೋದೆ. ಮುಳ್ಳು ಪ್ಲೇಟಿನ ಮೇಲೆ ಎರಡು ಗ್ರಾಂ ಭಾರದಿಂದ ಕೂರಬೇಕು ಎಂದು ಡಬ್ಬಿಯೊಳಗಿನ ಕಾಗದ ಹೇಳುತ್ತಿತ್ತು. ಅಷ್ಟು ಸಣ್ಣ ತೂಕದ ಕಾಂಟಾ ಇರುವುದು ಬಂಗಾರದವರ ಹತ್ತಿರ ಮಾತ್ರ.

"ಬಂಗಾರ ಎಲ್ಲೈತ್ರಿ ಅಕ್ಕಾರ?" ಎಂದರು ಪತ್ತಾರರು.

"ಬಂಗಾರ ಅಲ್ರಿ, ಈ ಮುಳ್ಳಿನ ಭಾರ ನೋಡಬೇಕ್ರಿ."

"ಮುಳ್ಳಿಂದ!" ಅವರು ಕನ್ನಡಕ ಹಣೆಗೇರಿಸಿದರು. "ಮೂಗುಬಟ್ಟು ತೂಗೇನಿ, ತಾಳಿ ತೂಗೇನಿ. ಒಬ್ಬಾವ ಬಂಗಾರದ ಹಲ್ಲು ಕಿತ್ಕೊಂಡು ತಂದಿದ್ದ, ಅದನ್ನೂ ತೊಳದು ತೂಗೇನಿ. ಮುಳ್ಳು ಮಾತ್ರ ಇವತ್ತ ನೋಡ್ರಿ. ಇಡ್ರಿ, ಇಡ್ರಿ."

ಕಾಂಟಾ ಮೂರೂವರೆ ಗ್ರಾಂ ತೋರಿಸಿತು. ಪತ್ತಾರರೇ ತೋಳಿನ ತುದಿಯನ್ನು ಉಗುರಿನಿಂದ ಕೆದಕಿದರು. ಕಪ್ಪು ಟೇಪಿನಡಿ ಒಂದು ಹತ್ತು ಪೈಸೆಯ ನಾಣ್ಯ ಅಂಟಿತ್ತು. ಲಗ್ನದ ಮನೆಯಲ್ಲಿ ಜನ ಕುಣಿದರೆ ನೆಲ ಅಲುಗಿ ಮುಳ್ಳು ಜಿಗಿಯುತ್ತದೆ, ಅದಕ್ಕೆ ಕಾಕಾ ಮಾಡಿದ ಉಪಾಯ. ನಾನು ಅದನ್ನು ತೋಳಿನ ಭಾಗವೇ ಎಂದುಕೊಂಡಿದ್ದೆ. ಅದನ್ನು ತೆಗೆದು, ಹಿಂದಿನ ಗುಂಡು ತಿರುವಿ, ಎರಡಕ್ಕೆ ತಂದೆವು.

"ಎರಡು ಗ್ರಾಂ. ಕೂಸಿನ ಕಿವ್ಯಾಗಿನ ಬೆಂಡೋಲಿ ಆತು," ಎಂದರು ಪತ್ತಾರರು ಸಂತೋಷದಿಂದ.

ಮೆಟ್ಟಿಲು ಓಡಿ ಹತ್ತಿದೆ. ಕಾರಣ ಸಿಕ್ಕಿತು ಎಂದೇ ನಂಬಿದ್ದೆ. ಧ್ವನಿಯ ಕರ್ಕಶ ಹೋಗಿತ್ತು. ಆಕೆ ಮೊದಲಿಗಿಂತ ಮೆತ್ತಗೆ, ಚೊಕ್ಕಾಗಿ ಹಾಡುತ್ತಿದ್ದಳು, ಇಪ್ಪತ್ತು ಹೆಜ್ಜೆ ದೂರದಲ್ಲಿ. ಆ ದಿನ ಮಾತಾಡಿದ ಜನ: ನಾಲ್ವರು. ಪುಸ್ತಕದಲ್ಲಿ ಆ ತಿಂಗಳ ದೊಡ್ಡ ಸಂಖ್ಯೆ.

ಎರಡನೆಯ ವಾರ ಸೊಲ್ಲಾಪುರ ರಸ್ತೆಯಲ್ಲಿ ಫ್ಯಾನು, ಮಿಕ್ಸರು ರಿಪೇರಿ ಮಾಡುವವನ ಅಂಗಡಿಗೆ ಹೋದೆ. ಅವನು ಮೀಟರಿನ ಕಡ್ಡಿಗಳನ್ನು ತಂತಿಗಳಿಗೆ ಮುಟ್ಟಿಸಿದ. ನಾಲ್ಕು ಸಲ ಕುಂಯ್ ಎಂದಿತು.

"ನಾಕೂ ತಂತಿ ಜೀವಂತ ಅದಾವ್ರಿ." ಪ್ಲೇಯರನ್ನು ಬೋರಲು ಹಾಕಿ ನೋಡಿದ. "ಎಡಕ್ಕಿಂದು ಬಲಕ್ಕಿಂದು ಕೂಡಿಸಿ ಒಂದ ಮಾಡ್ಯಾರ. ಹಾರ್ನಿಗೆ ಒಂದ ಬೇಕಲ್ಲ. ಕೆಲಸ ಪಕ್ಕಾ ಐತಿ. ಮುಂದ ತಂತಿಗೆ ಈ ದಾರ ಯಾಕ ಸುತ್ತ್ಯಾರ?"

"ತಂತಿ ಚದರಬಾರದಂತ ಇರಬೇಕ್ರಿ."

ನನ್ನ ಪುಸ್ತಕ ಕೈಗೆತ್ತಿಕೊಂಡು ಪುಟ ತಿರುವಿದ. "ಇದೇನ್ರೀ ಅಕ್ಕಾರ, ದವಾಖಾನಿ ಚಾರ್ಟ್ ಇದ್ದಂಗೈತಿ. ಪೇಷಂಟ್ ಉಳೀತಾನೋ ಇಲ್ಲೋ?"

"ಅದನ್ನ ನೀವ ಹೇಳಬೇಕ್ರಿ."

"ನನ್ನ ಕೈಲೆ ಮಿಕ್ಸರ್ ಉಳೀತಾವ್ರಿ. ಇದನ್ನ ಕಟ್ಟಿದವರನ್ನ ಕೇಳ್ರಿ."

"ಅವರು ತೀರ್ಕೊಂಡಾರ್ರಿ."

"ಮನ್ಯಾಗ ಮತ್ತ ಯಾರರೆ?"

"ಚಿಗವ್ವ ಅದಾಳ್ರಿ. ಬ್ಲೌಸ್ ಹೊಲೀತಾಳ. ಆಕಿಗೇನ ಗೊತ್ತಿರತೈತ್ರಿ," ಎಂದೆ.

ಈ ಮಾತನ್ನೂ ಅಂದು ಬರೆದಿಟ್ಟಿದ್ದೇನೆ. ಅದನ್ನು ಹೊಡೆದುಹಾಕಿಲ್ಲ.

ಸೆಪ್ಟೆಂಬರ್ ಹದಿನಾಲ್ಕು. ಮಾತಾಡಿದ ಜನ: ಸೊನ್ನೆ. ಹಾಲಿನವನು ಪಾಕೀಟು ಬಾಗಿಲಿಗೆ ತೂಗುಹಾಕಿ ಹೋಗಿದ್ದ. ಬೆಳಗಿನಿಂದ ಹದಿನೈದು ಸಲ ಒಂದನೇ ಪ್ಲೇಟು ಹಚ್ಚಿದೆ. ಸ್ಪೀಕರನ್ನು ಮೂಲೆಗಿಟ್ಟೆ, ಮೂಲೆಯಿಂದ ತೆಗೆದೆ. ಮಧ್ಯಾಹ್ನ ಚಿಗವ್ವನ ಫೋನು ಬಂತು, ಎತ್ತಲಿಲ್ಲ. ಸರಿ ಮಾಡಿಯೇ ಮಾತಾಡಬೇಕು ಎಂಬ ಹಟ. ಹನ್ನೊಂದು ಸಲ ಮುಂದೆ ಹಾಕಿದವಳು ಹನ್ನೆರಡನೆಯ ಸಲ "ಇನ್ನೂ ಆಗಿಲ್ಲ" ಎಂದು ಹೇಗೆ ಹೇಳುವುದು? ಕೆಳಗಿನ ಓಣಿಯಲ್ಲಿ ಯಾರದೋ ಮನೆಗೆ ಬೀಗರು ಬಂದು ಗದ್ದಲವಾಗುತ್ತಿತ್ತು. ಕಿಟಕಿ ಮುಚ್ಚಿದೆ. ಕೋಣೆಯೊಳಗೆ ಒಬ್ಬಾಕೆ ದೂರದಲ್ಲಿ ಹಾಡುತ್ತಿದ್ದಳು. ಹದಿನೈದು ಸಲ ಕರೆದರೂ ಒಂದು ಹೆಜ್ಜೆ ಮುಂದೆ ಬರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಪ್ಲೇಯರು, ಆಂಪ್ಲಿಫೈಯರು, ಸ್ಪೀಕರು, ಒಂದನೇ ಪ್ಲೇಟು ಎಲ್ಲವನ್ನೂ ಚಾದರದಲ್ಲಿ ಕಟ್ಟಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಉಳಿದ ನಲವತ್ತು ಪ್ಲೇಟುಗಳು ಚಿಗವ್ವನ ಮನೆಯಲ್ಲೇ ಇದ್ದವು. ನುಡಿಯುವುದಿಲ್ಲ ಎಂದು ಹೇಳಿ, ಇದನ್ನೂ ಅವುಗಳ ಜೊತೆ ಟೆಂಪೋಕ್ಕೆ ಏರಿಸಿ ಬರುವುದೆಂದು ನಿರ್ಧರಿಸಿದ್ದೆ.

ಚಿಗವ್ವ ಮಷೀನಿನ ಮುಂದೆ ಕೂತಿದ್ದಳು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

"ಫೋನ್ ಎತ್ತಾಕ ಏನಾಗಿತ್ತ ನಿನಗ? ದ್ರಾಕ್ಷಿ ಜೋಡಿ ನೀನೂ ತಂಪಿನ್ಯಾಗ ಕುಂತಿದ್ದೇನು?"

"ನುಡೀವಲ್ದು ಚಿಗವ್ವಾ."

"ಹಚ್ಚು, ನೋಡೂಣು."

ಹಚ್ಚಿದೆ. ಚರಚರ, ತಗಡಿನ ತಬಲಾ, ಬಾವಿಯಾಚೆಯ ಆಕೆ. ಚಿಗವ್ವ ಮಷೀನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡರೆ ಅವಳ ಮುಖ ಅರಳಿತ್ತು.

"ಹ್ಞಾಂ. ಇದ ನೋಡು. ಹಳ್ಳದ ಆಚಿ ಲಗ್ನ ಇದ್ದಾಗ ಹಿಂಗ ಕೇಳಸ್ತಿತ್ತು."

"ಚಿಗವ್ವಾ, ಹಿಂಗ ಕೇಳಸಬಾರದು. ಇದು ಇಲ್ಲೇ ನಮ್ಮ ಮುಂದ ಐತಿ."

ಅವಳು ಪ್ಲೇಯರಿನ ಕಡೆ ಬಾಗಿದಳು. "ಹೌದಲ್ಲ. ತಂತಿ ಹೆಂಗ ಹಚ್ಚೀದಿ?"

"ಬಣ್ಣ ನೋಡಿ ಹಚ್ಚೇನಿ. ಕೆಂಪಿಗೆ ಕೆಂಪು, ಹಸರಿಗೆ ಹಸರು."

ಚಿಗವ್ವ ನಕ್ಕ ನಗೆಗೆ ಬಾಯಲ್ಲಿದ್ದ ಸೂಜಿ ಉದುರಿತು. "ಬಣ್ಣ! ಹುಚ್ಚಿ, ನಿಮ್ಮ ಕಾಕಾಗ ಎಲ್ಲಿ ಕೆಂಪು ಹಸರು ತಿಳೀತಿತ್ತು? ಲಗ್ನ ಆದ ವರ್ಷ, ಗಿಡದಾಗ ಹಣ್ಣಾದ ಮೆಣಸಿನಕಾಯಿ ಹರಕೊಂಡ ಬರ್ರಿ ಅಂದ್ರ ಉಡಿ ತುಂಬ ಹಸರವು ತಂದಿಟ್ರು. ನಮ್ಮತ್ತಿ ನನಗ ಬೈದಳು. ಬಿಳಿ, ನೀಲಿ ಗೊತ್ತಾಗ್ತಿತ್ತು. ಕೆಂಪು ಹಸರು ಎರಡೂ ಅವರಿಗೆ ಒಂದ. ಯಾರ ಮುಂದೂ ಹೇಳಬ್ಯಾಡ ಅಂದಿದ್ರು. ತಂತಿ ಹಚ್ಚಾಂವಗ ಬಣ್ಣ ತಿಳ್ಯಾಂಗಿಲ್ಲ ಅಂದ್ರ ಯಾರು ಕರೀತಾರ?"

ಮಷೀನಿನ ಖಾನೆಯಿಂದ ಕನ್ನಡಕ ತೆಗೆದು ಹಾಕಿಕೊಂಡಳು. ತೋಳಿನ ತುದಿಯನ್ನು ಬೆಳಕಿಗೆ ಹಿಡಿದು, ಎಡಗೈ ಉಗುರನ್ನು ತಂತಿಗಳ ಮೇಲೆ ಆಡಿಸಿದಳು. ನಾನು ಮೂರು ವಾರ ನೋಡಿದ್ದ, ರಿಪೇರಿಯವನು ಕೇಳಿದ್ದ ಆ ದಾರ. ಅದು ಸುತ್ತಿದ್ದಲ್ಲ, ಗಂಟು. ಒಂದು ತಂತಿಗೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಮೂರು, ನಾಲ್ಕು. ಹಳೆಯ ತಂತಿ ಹರಿದಾಗ ಕಾಕಾ ಕೈಗೆ ಸಿಕ್ಕ ಬಣ್ಣದ್ದನ್ನು ಹಾಕುತ್ತಿದ್ದನಂತೆ. ಇವಳು ಹೊಲಿಗೆಯ ದಾರದಿಂದ ಗಂಟು ಕಟ್ಟಿ ಕೊಡುತ್ತಿದ್ದಳಂತೆ.

"ಮೂರು ಗಂಟಿಂದು ಕೆಂಪ ಕಡ್ಡಿಗೆ. ನಾಕು ಗಂಟಿಂದು ಹಸರ ಕಡ್ಡಿಗೆ. ನೋಡು, ನೀ ಅದಲಿ ಬದಲಿ ಮಾಡೀದಿ."

ಮೂರು ಗಂಟಿನ ತಂತಿಯ ಬಣ್ಣ ಹಸಿರಾಗಿತ್ತು. ಆಗ ನನಗೆ ಎಲ್ಲ ತಿಳಿಯಿತು. ಕಾಕಾ ಎಡ ಬಲ ಎರಡನ್ನೂ ಕೂಡಿಸಿ ಒಂದು ಮಾಡಿದ್ದ. ನಾನು ಬಲದ ಜೋಡಿಯನ್ನು ತಿರುಗಾಮುರುಗಾ ಹಚ್ಚಿದ್ದೆ. ಎಡದ್ದು ಹಾಡನ್ನು ಮುಂದಕ್ಕೆ ತಳ್ಳಿದರೆ ಬಲದ್ದು ಹಿಂದಕ್ಕೆ ಎಳೆಯುತ್ತಿತ್ತು. ಎರಡೂ ಕಡೆ ಒಂದೇ ಆಗಿದ್ದ ಧ್ವನಿ ಒಂದನ್ನೊಂದು ತಿಂದುಹಾಕಿ, ಎರಡರಲ್ಲೂ ಒಂದೇ ಆಗಿರದ ಧೂಳಿನ ಸದ್ದು ಮಾತ್ರ ಉಳಿಯುತ್ತಿತ್ತು. ಮೀಟರಿಗೆ ತಂತಿಯಲ್ಲಿ ಜೀವವಿದೆಯೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ.

ಚಿಮಟದಿಂದ ಎರಡನ್ನು ಬದಲಿಸಿದೆ. ಎರಡು ನಿಮಿಷದ ಕೆಲಸ. ಮುಳ್ಳು ಇಳಿಸಿದೆ.

ಆಕೆ ಕೋಣೆಯೊಳಗೇ ಉಸಿರು ತೆಗೆದುಕೊಂಡು ಹಾಡತೊಡಗಿದಳು. ತಬಲಾದ ಚರ್ಮ ಕೇಳಿಸಿತು. ಹೆಜ್ಜೆ ಎಣಿಸಬೇಕೆಂದರೆ ಒಂದೂ ಬೇಕಾಗಿರಲಿಲ್ಲ. ನಾನು ಚಿಗವ್ವನ ಕಡೆ ತಿರುಗಿದೆ. ಅವಳು ಒಂದು ನಿಮಿಷ ಕೇಳಿದಳು. ಆಮೇಲೆ ಗುಂಡಿ ಹಚ್ಚಬೇಕಾಗಿದ್ದ ಬ್ಲೌಸು ತೆಗೆದುಕೊಂಡು, ಅಡುಗೆಮನೆ ದಾಟಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು.

"ಯಾಕ ಚಿಗವ್ವಾ, ಛಲೋ ಬರವಲ್ದೇನು?"

"ಛಲೋ ಬರಾಕತ್ತೈತಿ. ಒಳಗ ಭಾಳ ಹತ್ತರ ಆಗತೈತಿ." ಸೂಜಿಗೆ ದಾರ ಪೋಣಿಸುತ್ತ ಅಲ್ಲಿಂದಲೇ ಹೇಳಿದಳು. "ನಾ ಯಾವ ಲಗ್ನಕ್ಕ ಹೋಗೇನಿ? ಅವರು ಹಾರ್ನ್ ಹೊತ್ಕೊಂಡು ಹೋಗಾವ್ರು, ನಾ ಅದ ಲಗ್ನದ ಬ್ಲೌಸ್ ಹೊಲಕೋತ ಇಲ್ಲೆ ಕುಂದರಾಕಿ. ಈ ಪದ ಕೇಳಸ್ತು ಅಂದ್ರ ಮುಟ್ಯಾರ, ತಂತಿ ಬರೋಬರಿ ಹಚ್ಯಾರ ಅಂತ ತಿಳಕೋತಿದ್ದೆ. ಆಮ್ಯಾಲೆ ಅನ್ನಕ್ಕ ಇಡತಿದ್ದೆ."

ಪದ ಮುಗಿದೊಡನೆ ನಾನು ಮುಳ್ಳೆತ್ತಿ ಮತ್ತೆ ಮೊದಲಿಗೆ ಇಟ್ಟೆ.

ಮಧ್ಯಾಹ್ನ ಟೆಂಪೋ ಬಂತು, ಮುಂದೆ ಚೆಂಡು ಹೂವಿನ ಹಾರ, ನಿಂಬೆಹಣ್ಣು. ಢಾಬಾದವನು ಬಾಗಿಲಲ್ಲಿ ನಿಂತು ಕೂಗಿದ: "ಅವ್ವಾರ, ಪ್ಲೇಟು ಕಟ್ಟಿ ಇಟ್ಟೀರೇನ್ರಿ?"

"ಇಲ್ಲೋ ಯಪ್ಪಾ," ಎಂದಳು ಚಿಗವ್ವ ಹಿತ್ತಲಿನಿಂದ. "ಅವು ಕೆಲಸದಾಗ ಅದಾವ."

"ಪ್ಲೇಟು ಏನ ಕೆಲಸ ಮಾಡ್ತಾವ್ರಿ?"

"ಕಿವಿ ಇಲ್ಲೇನು? ಕೇಳು."

ಅವನು ಕೇಳಿದ. ಹೋಳಿಗೆ ತಿಂದ. ಒಡೆದದ್ದಾದರೂ ಇದ್ದರೆ ಕೊಡಿ ಎಂದ. ಅಂಚು ಸೀಳಿದ್ದವು ಮೂರಿದ್ದವು. ಚಿಗವ್ವ ಅವನ್ನು ಕೊಟ್ಟಳು. ಪುಸ್ತಕದಲ್ಲಿ ತಿದ್ದಿದೆ: ಮೂವತ್ತೆಂಟು.

ಪ್ಲೇಯರನ್ನು ನಾನು ವಾಪಸು ತರಲಿಲ್ಲ. ಯಾರೂ ಹೇಳಲಿಲ್ಲ, ಅದು ಅಲ್ಲಿರಬೇಕಾದದ್ದು ಎಂದು ನನಗೇ ಗೊತ್ತಾಗಿತ್ತು. ಅದನ್ನು ನಡುಮನೆಯಲ್ಲಿ, ಹಿತ್ತಲ ಬಾಗಿಲಿಗೆ ಎದುರಾಗಿ ಇಟ್ಟು, ಮುಳ್ಳು ಇಳಿಸುವುದನ್ನು ಚಿಗವ್ವನಿಗೆ ತೋರಿಸಹೋದೆ. "ನನಗ ಕಲಸ್ತೀಯೇನು?" ಎಂದು ಕೈ ಸರಿಸಿದಳು. ಅಲ್ಲಿಂದ ಒಗೆಯುವ ಕಲ್ಲಿನವರೆಗೆ ನಡೆದು ನೋಡಿದೆ, ಹದಿನೇಳು ಹೆಜ್ಜೆ.

ಸಂಜೆ ಐದರ ಬಸ್ಸಿಗೆ ಹೊರಟೆ. ಬರುವಾಗ ಭಾರವಾಗಿದ್ದ ಚಾದರ ಈಗ ಮಡಚಿ ಕಂಕುಳಲ್ಲಿತ್ತು. ವಿಜಯಪುರದ ಕೋಣೆಯಲ್ಲಿ ಮೇಜು ಖಾಲಿ ಇರುತ್ತದೆ ಎಂಬುದು ಊರ ಅಗಸಿ ಬಾಗಿಲು ದಾಟುವಾಗ ನೆನಪಾಯಿತು. ಅತ್ತ ಮನೆಯಲ್ಲಿ ಚಿಗವ್ವ ಒಂದನೇ ಪ್ಲೇಟು ಹಚ್ಚಿದ್ದಳು. ಎಲ್ಲಿಯವರೆಗೆ ಕೇಳಿಸುತ್ತದೆ ನೋಡೋಣವೆಂದು ಹೊಸ್ತಿಲಿನಿಂದಲೇ ಎಣಿಸುತ್ತ ನಡೆದಿದ್ದೆ. ಇನ್ನೂರ ಹನ್ನೆರಡನೆಯ ಹೆಜ್ಜೆಗೆ ಎದುರಿನಿಂದ ಒಂದು ಟ್ರ್ಯಾಕ್ಟರ್ ಬಂತು. ಅದು ದಾಟಿ ಹೋಗುವವರೆಗೆ ರಸ್ತೆಯ ಬದಿಯಲ್ಲಿ ನಿಂತೆ. ಆಮೇಲೆ ಏನೂ ಕೇಳಿಸಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ನಿಂತೆ.